ಮಾಯದ ನೋವಿಗೆ ಒಗ್ಗುವ ಔಷಧ: ಮುಂಬಯಿ ಕನ್ನಡಿಗರಿಗೊಂದು ಮಾರ್ಗದರ್ಶಿ

ಪೆಟ್ಟಿನ ನೋವು ಗಾಯ ಮಾಯುತ್ತಿದ್ದಂತೆ ಹೋಗುತ್ತದೆ. ಮೂರು ತಿಂಗಳು ಕಳೆದರೂ ಹೋಗದೆ ಉಳಿದ, ಅಥವಾ ಹೋದಂತೆ ಮಾಡಿ ಮತ್ತೆ ಮತ್ತೆ ಮರಳುವ ನೋವನ್ನು ವೈದ್ಯರು ದೀರ್ಘಕಾಲೀನ ನೋವು ಎಂದು ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ಇಂತಹ ನೋವಿಗೆ ಅದರದೇ ಆದ ಸ್ಥಾನ ದೊರೆಯಿತು. ಆದ್ದರಿಂದ "ರಿಪೋರ್ಟಿನಲ್ಲಿ ಏನೂ ಇಲ್ಲ, ಎಲ್ಲ ನಿಮ್ಮ ಭ್ರಮೆ" ಎಂದು ಯಾರಾದರೂ ಹೇಳಿದರೆ ಕುಗ್ಗಬೇಕಾಗಿಲ್ಲ.

ನಾನು ವೈದ್ಯಳಲ್ಲ. ಉಡುಪಿ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ನೆಲೆಸಿ, ಫೋರ್ಟಿನ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತ, ಒಂಬತ್ತು ವರ್ಷಗಳಿಂದ ಸೊಂಟದಿಂದ ಹಿಮ್ಮಡಿಯವರೆಗೆ ಇಳಿಯುವ ನೋವಿನೊಂದಿಗೆ ಬದುಕುತ್ತಿರುವವಳು. ಒಗ್ಗುವ ಔಷಧ ಸಿಗಲು ನನಗೆ ಎರಡು ವರ್ಷ ಹಿಡಿಯಿತು. ಔಷಧಕ್ಕೇನೂ ಬರವಿರಲಿಲ್ಲ, ನೋವನ್ನು ಸರಿಯಾಗಿ ಹೇಳಲು ಬಾರದೆ, ಹೇಳಿದ್ದನ್ನು ಬರೆದಿಡದೆ ಆ ಎರಡು ವರ್ಷಗಳಲ್ಲಿ ಹೆಚ್ಚಿನ ಪಾಲು ಹೋಯಿತು. ಈ ಲೇಖನದ ಹೆಚ್ಚಿನ ಭಾಗವೂ ಆ ಎರಡು ಕೆಲಸಗಳ ಬಗ್ಗೆಯೇ ಇದೆ. ಇಲ್ಲಿ ಹೆಸರಿಸಿದ ಯಾವ ಔಷಧವನ್ನೂ ವೈದ್ಯರ ಚೀಟಿಯಿಲ್ಲದೆ ಆರಂಭಿಸಬಾರದು, ನಿಲ್ಲಿಸಲೂಬಾರದು.

ಎಲ್ಲಕ್ಕಿಂತ ಮೊದಲು: ಕಾಯಬಾರದ ನೋವು

ಬೆನ್ನುನೋವಿನ ಜೊತೆ ಮೂತ್ರ ಅಥವಾ ಮಲದ ಮೇಲಿನ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶವೇ ತಿಳಿಯದಂತಾದರೆ, ಕಾಲಿನ ಬಲ ಇದ್ದಕ್ಕಿದ್ದಂತೆ ಕುಂದಿದರೆ ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಮಹಾರಾಷ್ಟ್ರದಲ್ಲಿ ಆಂಬುಲೆನ್ಸಿಗೆ 108ಕ್ಕೆ ಕರೆ ಮಾಡಬಹುದು. ನೋವಿನೊಂದಿಗೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಮಲಗಿದರೂ ತಗ್ಗದೆ ರಾತ್ರಿಯಿಡೀ ಕಾಡುವುದು, ಇವು ಕೂಡ ವಾರಗಟ್ಟಲೆ ಕಾದು ನೋಡುವ ಸಂಗತಿಗಳಲ್ಲ. ಮುಂದೆ ಬರೆದಿರುವುದೆಲ್ಲ ಇಂತಹ ಅಪಾಯಗಳಿಲ್ಲವೆಂದು ವೈದ್ಯರು ಖಚಿತಪಡಿಸಿದ ನಂತರದ ಮಾತು.

ನೋವಿನ ಬಗೆಯನ್ನು ಗುರುತಿಸಿ, ಅದಕ್ಕೆ ಸರಿಯಾದ ಮಾತನ್ನು ಹುಡುಕಿ

ವೈದ್ಯಶಾಸ್ತ್ರ ನೋವನ್ನು ಮುಖ್ಯವಾಗಿ ಮೂರು ಬಗೆಯಾಗಿ ನೋಡುತ್ತದೆ. ಮಂಡಿ ಸವೆತದಂತೆ, ಕೀಲು ಊದಿಕೊಂಡಂತೆ, ಅಂಗಾಂಶಕ್ಕೆ ಆದ ಹಾನಿಯಿಂದ ಬರುವುದು ಒಂದು. ನರಕ್ಕೇ ಪೆಟ್ಟಾಗಿ ಅಥವಾ ರೋಗ ತಗುಲಿ ಬರುವ ನರನೋವು ಇನ್ನೊಂದು. ಸಕ್ಕರೆ ಕಾಯಿಲೆಯವರ ಪಾದದ ಉರಿ, ಸರ್ಪಸುತ್ತು ಮಾಯ್ದ ಮೇಲೂ ಉಳಿಯುವ ಉರಿ ಈ ಗುಂಪಿನವು. ಹಾನಿಯೂ ಕಾಣದೆ, ನರದ ರೋಗವೂ ಇಲ್ಲದೆ, ನೋವನ್ನು ಗ್ರಹಿಸುವ ವ್ಯವಸ್ಥೆಯೇ ಅತಿಯಾಗಿ ಎಚ್ಚರಗೊಂಡು ಮೈಯೆಲ್ಲ ನೋಯುವುದು ಮೂರನೆಯದು. ಫೈಬ್ರೊಮಯಾಲ್ಜಿಯ ಇದಕ್ಕೆ ಉದಾಹರಣೆ. ಒಂದು ಬಗೆಗೆ ಹಿಡಿಯುವ ಮಾತ್ರೆ ಇನ್ನೊಂದಕ್ಕೆ ಹಿಡಿಯುವುದಿಲ್ಲ. ನರನೋವಿಗೆ ಸಾಮಾನ್ಯ ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೂ ಹೊಟ್ಟೆ ಕೆಡುವುದೇ ಹೊರತು ಉರಿ ತಗ್ಗುವುದು ಅಪರೂಪ.

ಬಗೆಯನ್ನು ನಿರ್ಧರಿಸಲು ವೈದ್ಯರ ಕೈಯಲ್ಲಿರುವ ದೊಡ್ಡ ಸಾಧನ ನಿಮ್ಮ ವರ್ಣನೆ. ಮನೆಯಲ್ಲಿ ಕನ್ನಡ ಅಥವಾ ತುಳು, ಆಸ್ಪತ್ರೆಯಲ್ಲಿ ಮರಾಠಿ ಅಥವಾ ಹಿಂದಿ ಆಡುವ ನಮ್ಮಂಥವರು ಸೋಲುವುದು ಇಲ್ಲಿಯೇ. ನಮ್ಮ ಭಾಷೆಯಲ್ಲಿ ನೋವಿಗೆ ಉರಿ, ಚಳುಕು, ಸೆಳೆತ, ಜೋಮು, ಸಿಡಿತ, ಕುಟುಕು ಎಂದು ಎಷ್ಟೊಂದು ಮಾತುಗಳಿವೆ; ವೈದ್ಯರ ಮೇಜಿನ ಮುಂದೆ ಕುಳಿತ ಕೂಡಲೇ ಅವೆಲ್ಲವೂ "ದರ್ದ್ ಹೈ" ಎಂಬ ಎರಡೇ ಮಾತಿನಲ್ಲಿ ಕರಗಿಹೋಗುತ್ತವೆ.

ನಮ್ಮ ಕಟ್ಟಡದ ಕೆಳಗಿನ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತ ಭಟ್ಟರೊಬ್ಬರಿದ್ದಾರೆ. ರಾತ್ರಿ ಪಾದ ಉರಿದು ನಿದ್ದೆ ಬರುತ್ತಿರಲಿಲ್ಲ. ಜನ ತುಂಬಿದ ದವಾಖಾನೆಯೊಂದರಲ್ಲಿ ಅವರು ತಮಗೆ ಬರುವ ಮರಾಠಿಯಲ್ಲಿ "ಜಳಜಳ ಹೋತೇ" ಎಂದರು. ಮರಾಠಿಯಲ್ಲಿ ಆ ಮಾತು ಹೆಚ್ಚಾಗಿ ಎದೆಯುರಿಗೆ ಬಳಕೆಯಾಗುವುದರಿಂದ ಅವರಿಗೆ ಸಿಕ್ಕಿದ್ದು ಆಮ್ಲೀಯತೆಯ ಮಾತ್ರೆ. ಮುಂದಿನ ಬಾರಿ "ಪಾಯ್ ದುಖತೋ" ಎಂದರು. ಆಗ ಸಿಕ್ಕಿದ್ದು ನೋವಿನ ಮಾತ್ರೆ. ಬಹಳ ತಿಂಗಳ ಮೇಲೆ ನಾನು ಜೊತೆಗೆ ಹೋದಾಗ "ಪಾಯಾಚಿ ಆಗ್ ಹೋತೇ, ರಾತ್ರೀ ಜಾಸ್ತ" ಎಂದು ಹೇಳಿಸಿದೆ. ವೈದ್ಯರು ಕೂಡಲೇ ಚಪ್ಪಲಿ ಬಿಚ್ಚಿಸಿ, ಪಾದದ ಅಡಿಗೆ ಹತ್ತಿಯ ಎಳೆ ಮುಟ್ಟಿಸಿ, ಸಕ್ಕರೆಯ ಪರೀಕ್ಷೆ ಬರೆದರು. ಸಕ್ಕರೆ ಏರಿ ವರ್ಷಗಳೇ ಆಗಿದ್ದವು.

ಆದ್ದರಿಂದ ಹೋಗುವ ಮುನ್ನ ಮಾತುಗಳನ್ನು ಜೋಡಿಸಿಕೊಳ್ಳಿ. ಚುಚ್ಚಿದಂತಾದರೆ ಮರಾಠಿಯಲ್ಲಿ "ಟೋಚತೇ", ಹಿಂದಿಯಲ್ಲಿ "ಚುಭನ್". ಸಿಡಿಯುವ ನೋವು "ಠಣಕಾ". ಮೇಲಿನಿಂದ ಕೆಳಕ್ಕೆ ಸರ್ರನೆ ಇಳಿಯುವ ಸೆಳೆತ "ಕಳ ಯೇತೇ". ಮರಗಟ್ಟಿದರೆ "ಬಧೀರ್", ಹಿಂದಿಯಲ್ಲಿ "ಸುನ್ನ್". ಇರುವೆ ಹರಿದಂತಾಗುತ್ತದೆ ಎಂದು ನಾವು ಹೇಳುವುದನ್ನು ಮರಾಠಿಯವರೂ "ಮುಂಗ್ಯಾ ಯೇತಾತ್", ಅಂದರೆ ಇರುವೆಗಳು ಬರುತ್ತವೆ, ಎಂದೇ ಹೇಳುತ್ತಾರೆ. ಈ ಒಂದು ಮಾತು ಮಾತ್ರ ಅನುವಾದದಲ್ಲಿ ಏನನ್ನೂ ಕಳೆದುಕೊಳ್ಳುವುದಿಲ್ಲ. ಉರಿ, ಕರೆಂಟು ಹೊಡೆದಂತಾಗುವುದು, ಜೋಮು, ಬಟ್ಟೆ ಸೋಕಿದರೂ ನೋಯುವುದು ಇವೆಲ್ಲ ನರನೋವಿನ ಕಡೆಗೆ ಬೆರಳು ತೋರುವ ಲಕ್ಷಣಗಳಾದ್ದರಿಂದ ಇವುಗಳಲ್ಲಿ ಯಾವುದಿದ್ದರೂ ಮೊದಲ ವಾಕ್ಯದಲ್ಲೇ ಹೇಳಿಬಿಡಿ. ಜೊತೆಗೆ ವಿಟಮಿನ್ ಬಿ12ರ ಪರೀಕ್ಷೆ ಬೇಕೇ ಎಂದು ಕೇಳಿ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆಂದು ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡವರಲ್ಲಿ ಅದರ ಕೊರತೆ ಕಾಣಿಸಿಕೊಳ್ಳುತ್ತದೆ, ಕೊರತೆಯೊಂದೇ ನರಗಳನ್ನು ನೋಯಿಸಬಲ್ಲದು.

ಎಂ.ಆರ್.ಐ. ಬಗ್ಗೆ ಒಂದು ಮಾತು. ನೋವೇ ಇಲ್ಲದ ಜನರ ಬೆನ್ನಿನ ಚಿತ್ರಗಳನ್ನು ಕಲೆಹಾಕಿ ನೋಡಿದ 2015ರ ಪರಿಶೀಲನೆಯೊಂದರಲ್ಲಿ 20ರ ಪ್ರಾಯದವರಲ್ಲಿ ಶೇ. 37, 80ರವರಲ್ಲಿ ಶೇ. 96 ಜನರಿಗೆ ಬೆನ್ನಿನ ಡಿಸ್ಕ್ ಸವೆದದ್ದು ಕಂಡಿತ್ತು. ಫಿಲ್ಮಿನಲ್ಲಿ ಸವೆತ ಕಂಡ ಮಾತ್ರಕ್ಕೆ ಅದೇ ನಿಮ್ಮ ನೋವಿನ ಮೂಲವೆಂದು ತೀರ್ಮಾನಿಸಿ ಹೆದರಬೇಡಿ.

ಒಂದು ನೋಟ್‌ಬುಕ್ ಇಡಿ

ಮೊಬೈಲಿಗಿಂತ ಶಾಲೆಯ ನೋಟ್‌ಬುಕ್ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ವೈದ್ಯರು ಅದನ್ನು ಕೈಗೆ ತೆಗೆದುಕೊಂಡು ಪುಟ ತಿರುವುತ್ತಾರೆ, ನಮ್ಮ ಮೊಬೈಲನ್ನು ಮುಟ್ಟುವುದಿಲ್ಲ. ದಿನಕ್ಕೆ ಒಂದೇ ಸಾಲು ಸಾಕು: ಬೆಳಿಗ್ಗೆ ಮತ್ತು ರಾತ್ರಿಯ ನೋವು ಹತ್ತರಲ್ಲಿ ಎಷ್ಟು, ಎಷ್ಟು ಗಂಟೆ ನಿದ್ದೆ, ಯಾವ ಮಾತ್ರೆ ಎಷ್ಟು ಮಿಲಿಗ್ರಾಂ ಎಷ್ಟು ಹೊತ್ತಿಗೆ, ಅದರಿಂದ ಆದ ತೊಂದರೆ ಏನು.

ಅಂಕೆಯೊಂದೇ ಮೋಸ ಮಾಡುತ್ತದೆ. ಬೇಸರದ ದಿನ ಐದೂ ಎಂಟಾಗಿ ಕಾಣುತ್ತದೆ. ಹಾಗಾಗಿ ದೇಹ ನಿಜವಾಗಿ ಏನು ಮಾಡಿತು ಎಂಬುದಕ್ಕೂ ಒಂದು ಅಳತೆಗೋಲು ಇರಲಿ. ನನ್ನದು ಲೋಕಲ್ ಟ್ರೈನು. ಡೊಂಬಿವಲಿಯಿಂದ ಹೊರಟ ನಿಧಾನ ಗಾಡಿಯಲ್ಲಿ ಎಷ್ಟನೆಯ ನಿಲ್ದಾಣದವರೆಗೆ ಕಂಬಿಗೆ ಒರಗದೆ ನಿಲ್ಲಬಲ್ಲೆ ಎಂದು ಬರೆಯುತ್ತಿದ್ದೆ. ಔಷಧ ಬದಲಿಸಿದ ಮೊದಲ ವಾರದಲ್ಲಿ ಕೋಪರ್, ದಿವಾ, ಮತ್ತೆ ಕೋಪರ್ ಎಂದಿತ್ತು. ಐದನೆಯ ವಾರದಲ್ಲಿ ಕಳವಾ ಬಂತು, ಏಳನೆಯ ವಾರದಲ್ಲಿ ಥಾಣೆ ದಾಟಿ ಭಾಂಡುಪ್. ನೋವಿನ ಅಂಕೆ ಆಗಲೂ ಏಳರಿಂದ ಐದಕ್ಕೆ ಮಾತ್ರ ಇಳಿದಿತ್ತು. ಅದನ್ನಷ್ಟೇ ನೋಡಿದ್ದರೆ ಆ ಮಾತ್ರೆಯನ್ನು ಕೆಲಸಕ್ಕೆ ಬಾರದ್ದೆಂದು ಬಿಟ್ಟುಬಿಡುತ್ತಿದ್ದೆ. ಅಡುಗೆಮನೆಯವರು ಎಷ್ಟು ಚಪಾತಿ ಲಟ್ಟಿಸುವವರೆಗೆ ನಿಲ್ಲಬಲ್ಲೆವೆಂದು, ಹಿರಿಯರು ಎಷ್ಟು ಮೆಟ್ಟಿಲು ಎಂದು ಬರೆಯಬಹುದು.

ಎಷ್ಟು ಇಳಿದರೆ ಸಾಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ನೋವಿನ ಅಧ್ಯಯನಗಳಲ್ಲಿ ಶೇ. 30ರಷ್ಟು ಇಳಿಕೆಯನ್ನು ಅರ್ಥಪೂರ್ಣ ಗುಣವೆಂದೂ, ಶೇ. 50ನ್ನು ಗಣನೀಯವೆಂದೂ ಎಣಿಸುತ್ತಾರೆ. ಸೊನ್ನೆಯನ್ನು ಗುರಿಯಾಗಿಟ್ಟವರು ಪ್ರತಿ ತಿಂಗಳು ವೈದ್ಯರನ್ನು ಬದಲಿಸುತ್ತ, ಪ್ರತಿ ಬಾರಿಯೂ ಮೊದಲಿನಿಂದ ಆರಂಭಿಸುತ್ತಿರುತ್ತಾರೆ.

ಔಷಧವನ್ನು ಒಂದೊಂದಾಗಿ ಪರೀಕ್ಷಿಸಿ

ಒಂದೇ ಬಾರಿಗೆ ಮೂರು ಮಾತ್ರೆ ಆರಂಭಿಸಿದರೆ ಗುಣ ಯಾವುದರಿಂದ, ತಲೆಸುತ್ತು ಯಾವುದರಿಂದ ಎಂದು ತಿಳಿಯುವುದಿಲ್ಲ. ಸಾಧ್ಯವಿದ್ದಲ್ಲಿ ಒಂದೊಂದಾಗಿ ಆರಂಭಿಸಬಹುದೇ ಎಂದು ವೈದ್ಯರನ್ನು ಕೇಳಿ. ಪ್ರತಿ ಹೊಸ ಮಾತ್ರೆಗೂ ನಾಲ್ಕು ಪ್ರಶ್ನೆಗಳ ಉತ್ತರ ಬರೆದುಕೊಳ್ಳಿ: ಇದು ಯಾವ ಬಗೆಯ ನೋವಿಗೆ, ಎಷ್ಟು ದಿನದಲ್ಲಿ ಗುಣ ತಿಳಿಯಬೇಕು, ಪ್ರಮಾಣವನ್ನು ಎಲ್ಲಿಯವರೆಗೆ ಏರಿಸುವುದು, ಹಿಡಿಸದಿದ್ದರೆ ಹೇಗೆ ಬಿಡುವುದು.

ಪ್ಯಾರಾಸಿಟಮಾಲ್ ಎಲ್ಲರಿಗೂ ಗೊತ್ತಿರುವುದು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಅದರ ಮೇರೆ. 650 ಮಿಲಿಗ್ರಾಂನ ಆರು ಮಾತ್ರೆಗಳಿಗೇ ಆ ಮೇರೆ ಬಹುಮಟ್ಟಿಗೆ ತುಂಬುತ್ತದೆ. ತೂಕ ಕಡಿಮೆಯಿರುವವರಿಗೆ, ಯಕೃತ್ತಿನ ತೊಂದರೆಯವರಿಗೆ, ದಿನವೂ ಮದ್ಯ ಸೇವಿಸುವವರಿಗೆ ಮಿತಿ ಇನ್ನೂ ಕಡಿಮೆ. ನೆಗಡಿಯ ಮಾತ್ರೆಗಳಲ್ಲೂ ಇದು ಅಡಗಿರುತ್ತದೆ.

ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಎಟೊರಿಕಾಕ್ಸಿಬ್ ಇವು ಊತವಿರುವ ನೋವಿಗೆ ಒಳ್ಳೆಯ ಔಷಧಗಳು. ಹಿಡಿಯುತ್ತದೋ ಇಲ್ಲವೋ ಎಂಬುದು ಎರಡು ವಾರದೊಳಗೆ ತಿಳಿಯುತ್ತದೆ. ಆದರೆ ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣು, ರಕ್ತದೊತ್ತಡದ ಏರಿಕೆ, ಮೂತ್ರಪಿಂಡಕ್ಕೆ ಹಾನಿ, ಹೃದಯಾಘಾತದ ಅಪಾಯ ಇವೆಲ್ಲ ಹೆಚ್ಚುತ್ತವೆ. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್‌ನಂತಹ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ಈ ನೋವಿನ ಮಾತ್ರೆ, ಹೀಗೆ ಮೂರೂ ಕೂಡಿದರೆ ಮೂತ್ರಪಿಂಡ ಸೋಲುವ ಸಂಭವ ಹೆಚ್ಚು. ಡೈಕ್ಲೊಫೆನಾಕ್ ಮೂತ್ರಪಿಂಡಕ್ಕೆ ಏನು ಮಾಡಬಲ್ಲದು ಎಂಬುದಕ್ಕೆ ಈ ಊರಿನಲ್ಲೇ ಒಂದು ಸಾಕ್ಷಿಯಿದೆ: ಮಲಬಾರ್ ಹಿಲ್‌ನ ಪಾರ್ಸಿಗಳು ತಮ್ಮವರ ಶವಗಳನ್ನು ಹದ್ದುಗಳಿಗೆ ಒಪ್ಪಿಸುತ್ತಿದ್ದ ಮೌನ ಗೋಪುರಗಳಿಗೆ ಈಗ ರಣಹದ್ದುಗಳು ಬರುವುದಿಲ್ಲ. ದೇಶದಾದ್ಯಂತ ಡೈಕ್ಲೊಫೆನಾಕ್ ಕೊಟ್ಟಿದ್ದ ದನಗಳ ಹೆಣ ತಿಂದು ಮೂತ್ರಪಿಂಡ ಕೆಟ್ಟು ಅವು ಸತ್ತವು. ಪಶುಗಳಿಗೆ ಆ ಔಷಧ ಕೊಡುವುದನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು. ಮನುಷ್ಯರ ದೇಹ ಹದ್ದಿನದಲ್ಲ, ನಿಜ; ಆದರೂ ಎಚ್ಚರ ತಪ್ಪಬಾರದು. ಮಂಡಿ ಅಥವಾ ಕೈಬೆರಳಿನ ನೋವಾದರೆ ಇದೇ ಔಷಧದ ಜೆಲ್ ಹಚ್ಚುವುದರಿಂದ ಸಾಕಷ್ಟು ಗುಣ ಸಿಗುತ್ತದೆ, ರಕ್ತಕ್ಕೆ ಸೇರುವ ಪ್ರಮಾಣವೂ ಬಹಳ ಕಡಿಮೆ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಸೊಂಟಕ್ಕೆ ಒಬ್ಬರು, ಭುಜಕ್ಕೆ ಇನ್ನೊಬ್ಬರು ಬರೆದುಕೊಟ್ಟ ಎರಡು ಮಾತ್ರೆಗಳನ್ನು ಹನ್ನೊಂದು ವಾರ ಒಟ್ಟಿಗೆ ನುಂಗಿದೆ. ಒಂದು ಹಸಿರು ಪಟ್ಟಿ, ಒಂದು ಬೆಳ್ಳಿ ಪಟ್ಟಿ, ಬೇರೆ ಬೇರೆ ಹೆಸರು. ಕಾಲು ಊದಿದ ಮೇಲೆ ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಎರಡರಲ್ಲೂ ಇದ್ದದ್ದು ಅಸೆಕ್ಲೊಫೆನಾಕ್ ಮತ್ತು ಪ್ಯಾರಾಸಿಟಮಾಲ್. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಏರಿತ್ತು, ನಿಲ್ಲಿಸಿದ ಮೇಲೆ ಇಳಿಯಿತು. ಎರಡನೆಯ ವೈದ್ಯರು ಕೇಳಲಿಲ್ಲ, ನಾನು ಹೇಳಲಿಲ್ಲ. ಬ್ರ್ಯಾಂಡಿನ ಹೆಸರನ್ನಲ್ಲದೆ ಔಷಧದ ಮೂಲ ಹೆಸರನ್ನೇ ನೋಟ್‌ಬುಕ್ಕಿನಲ್ಲಿ ಬರೆಯುವ ಅಭ್ಯಾಸ ನನಗೆ ಬಂದದ್ದು ಹೀಗೆ. ಮೂಲ ಹೆಸರು ತಿಳಿದಿದ್ದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧವನ್ನು ಕಡಿಮೆ ಬೆಲೆಗೆ ಕೊಳ್ಳುವುದಕ್ಕೂ ಅನುಕೂಲ.

ನರನೋವಿನ ಔಷಧಗಳ ಸ್ವಭಾವವೇ ಬೇರೆ. ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್, ಡುಲೊಕ್ಸೆಟಿನ್ ಇವು ಖಿನ್ನತೆಗೆಂದು ಬಂದವು, ಗ್ಯಾಬಪೆಂಟಿನ್ ಮತ್ತು ಪ್ರಿಗಾಬಲಿನ್ ಅಪಸ್ಮಾರದ ಔಷಧಗಳಾಗಿಯೂ ಬಳಕೆಯಲ್ಲಿರುವವು. ಮಾಹಿತಿಯ ಕಾಗದದಲ್ಲಿ ಖಿನ್ನತೆ ಎಂಬ ಪದ ಕಂಡು "ನನಗೆ ಹುಚ್ಚಿನ ಮಾತ್ರೆ ಕೊಟ್ಟಿದ್ದಾರೆ" ಎಂದು ಎಸೆದವರನ್ನು ಬಲ್ಲೆ. ನರಗಳು ನೋವಿನ ಸುದ್ದಿ ಸಾಗಿಸುವುದನ್ನು ತಗ್ಗಿಸುವುದಕ್ಕಾಗಿ ಇವನ್ನು ಕೊಡುತ್ತಾರೆ, ಅಮಿಟ್ರಿಪ್ಟಿಲಿನನ್ನಂತೂ ಖಿನ್ನತೆಗೆ ಬೇಕಾಗುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ, ಸಾಮಾನ್ಯವಾಗಿ ರಾತ್ರಿ 10 ಮಿಲಿಗ್ರಾಂನಿಂದ, ಆರಂಭಿಸುತ್ತಾರೆ. ಇವು ಬೇಕೆಂದಾಗ ನುಂಗುವ ಮಾತ್ರೆಗಳಲ್ಲ. ಅಮಿಟ್ರಿಪ್ಟಿಲಿನ್‌ಗೆ ಆರರಿಂದ ಎಂಟು ವಾರ ಕಾಲ ಕೊಡದೆ ತೀರ್ಪು ಹೇಳಬಾರದು. ಅಡ್ಡಪರಿಣಾಮ ಮೊದಲು, ಗುಣ ಆಮೇಲೆ ಬರುವುದರಿಂದ ಹೆಚ್ಚಿನವರು ಎರಡನೆಯ ವಾರದಲ್ಲೇ ಬಿಟ್ಟುಬಿಡುತ್ತಾರೆ.

ಒಂದೇ ಔಷಧ ಎಲ್ಲರಿಗೂ ಹಿಡಿಯುವುದಿಲ್ಲ ಎಂಬುದನ್ನು ಅಂಕೆಗಳೇ ಹೇಳುತ್ತವೆ. ನರನೋವಿನ ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2015ರ ಅಂತರರಾಷ್ಟ್ರೀಯ ಪರಿಶೀಲನೆಯ ಪ್ರಕಾರ, ಔಷಧವೇ ಇಲ್ಲದ ಹುಸಿಮಾತ್ರೆಗೆ ಹೋಲಿಸಿದರೆ ಒಬ್ಬ ಹೆಚ್ಚಿನ ರೋಗಿಗೆ ಅರ್ಧದಷ್ಟು ನೋವು ಇಳಿಯಲು ಅಮಿಟ್ರಿಪ್ಟಿಲಿನ್ ಗುಂಪಿನ ಔಷಧವನ್ನು ಸುಮಾರು ನಾಲ್ವರಿಗೆ, ಡುಲೊಕ್ಸೆಟಿನ್ ಗುಂಪಿನದನ್ನು ಆರೇಳು ಜನರಿಗೆ, ಪ್ರಿಗಾಬಲಿನ್ ಅನ್ನು ಸುಮಾರು ಎಂಟು ಜನರಿಗೆ ಕೊಡಬೇಕಾಗುತ್ತದೆ. ಮೊದಲ ಮಾತ್ರೆ ನಿಮಗೆ ಹಿಡಿಯದಿದ್ದರೆ ಅದು ನಿಮ್ಮ ದೋಷವೂ ಅಲ್ಲ, ವೈದ್ಯರ ದೋಷವೂ ಅಲ್ಲ. ನನಗೆ ಮೊದಲು ಬರೆದದ್ದು ಪ್ರಿಗಾಬಲಿನ್. ತಲೆಸುತ್ತು ಬಂದು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಎರಡು ಗಾಡಿ ಬಿಟ್ಟು ಕುಳಿತದ್ದೇ ಹೆಚ್ಚು, ಕಾಲಿನ ಸೆಳೆತ ತಗ್ಗಲಿಲ್ಲ. ಕಾಲಿಗಿಳಿಯುವ ಬೆನ್ನುನೋವಿಗೆ ಅದು ಹುಸಿಮಾತ್ರೆಗಿಂತ ಮೇಲಲ್ಲವೆಂದು 209 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ನನಗೆ ಕೊನೆಗೆ ಒಗ್ಗಿದ್ದು ರಾತ್ರಿಯ ನಾರ್ಟ್ರಿಪ್ಟಿಲಿನ್. ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ಆದರೂ ಬಿಟ್ಟಿಲ್ಲ.

ಇವುಗಳ ವಿಷಯದಲ್ಲಿ ವೈದ್ಯರಿಗೆ ತಪ್ಪದೆ ತಿಳಿಸಬೇಕಾದದ್ದಿದೆ. ಕಣ್ಣಿನ ಒತ್ತಡದ ಗ್ಲುಕೋಮ, ಪ್ರಾಸ್ಟೇಟ್ ಊತ, ಹೃದಯ ಬಡಿತದ ದೋಷವಿದ್ದರೆ ಅಮಿಟ್ರಿಪ್ಟಿಲಿನ್ ಗುಂಪು ತೊಂದರೆ ಕೊಡಬಹುದು. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಿಗಾಬಲಿನ್, ಗ್ಯಾಬಪೆಂಟಿನ್ ಪ್ರಮಾಣ ತಗ್ಗಿಸಬೇಕು. ಇವುಗಳೊಂದಿಗೆ ಮದ್ಯ ಅಥವಾ ಅಫೀಮು ಗುಂಪಿನ ಔಷಧ ಸೇರಿದರೆ ಉಸಿರಾಟವೇ ಕುಗ್ಗುವ ಅಪಾಯವಿದೆ. ಗರ್ಭಿಣಿಯರು ಮತ್ತು ಗರ್ಭ ಬಯಸುವವರು ಅದನ್ನು ಮೊದಲೇ ಹೇಳಬೇಕು.

ಅಫೀಮು ಗುಂಪಿನ ನೋವಿನ ಔಷಧವಾದ ಟ್ರಮಡಾಲ್ ಬಗ್ಗೆ ಚಿಕ್ಕದಾಗಿ. 2018ರಿಂದ ಅದು ಮಾದಕ ವಸ್ತುಗಳ ಕಾಯ್ದೆಯಡಿ ಬರುವುದರಿಂದ ಅಂಗಡಿಯವರು ಚೀಟಿ ಕೇಳಿದರೆ, ಹೆಸರು ಬರೆದುಕೊಂಡರೆ ಅವಮಾನವೆಂದು ತಿಳಿಯಬೇಡಿ. ಖಿನ್ನತೆಯ ಔಷಧಗಳೊಂದಿಗೆ ಸೇರಿದರೆ ಅದು ಗಂಭೀರ ಪ್ರತಿಕ್ರಿಯೆ ಉಂಟುಮಾಡಬಲ್ಲದು, ಅಪಸ್ಮಾರ ಇರುವವರಿಗೆ ಇನ್ನೂ ಅಪಾಯಕರ. ಹಾಗೆಯೇ, ತಲೆನೋವಿಗೆಂದು ತಿಂಗಳಲ್ಲಿ ಹದಿನೈದು ದಿನ ಅಥವಾ ಅದಕ್ಕೂ ಹೆಚ್ಚು ನೋವಿನ ಮಾತ್ರೆ ನುಂಗುವವರಲ್ಲಿ ಆ ಮಾತ್ರೆಯೇ ತಲೆನೋವು ತರುತ್ತಿರಬಹುದು. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ, ಎರಡೇ ದಿನದಲ್ಲಿ ಮಂಡಿನೋವು ಮಾಯವಾಗಿಸುವ "ಅಪ್ಪಟ ಗಿಡಮೂಲಿಕೆ" ಪುಡಿಯಲ್ಲಿ ಸ್ಟಿರಾಯ್ಡ್ ಬೆರೆತಿರುವ ಪ್ರಸಂಗಗಳು ಅನೇಕ. ಅಷ್ಟು ಬೇಗ ಹಿಡಿಯಿತೆಂಬುದೇ ಅನುಮಾನಕ್ಕೆ ಕಾರಣವಾಗಬೇಕು.

ಮುಂಬಯಿಯಲ್ಲಿ ಎಲ್ಲಿಗೆ ಹೋಗುವುದು

ಮೊದಲು ನಿಮ್ಮನ್ನು ಬಲ್ಲ ಬಡಾವಣೆಯ ವೈದ್ಯರೇ ಸಾಕು. ಮೂರು ತಿಂಗಳಲ್ಲಿ ದಾರಿ ಕಾಣದಿದ್ದರೆ ನೋವಿನ ಚಿಕಿತ್ಸಾ ವಿಭಾಗವನ್ನು ಹುಡುಕಬೇಕು. ಇದು ಹೆಚ್ಚಾಗಿ ಅರಿವಳಿಕೆ ವಿಭಾಗದವರ ಕೈಯಲ್ಲಿರುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಆದ್ದರಿಂದ ಪರೇಲಿನ ಕೆ.ಇ.ಎಂ., ಸಯನ್ ಆಸ್ಪತ್ರೆ, ಮುಂಬಯಿ ಸೆಂಟ್ರಲ್‌ನ ನಾಯರ್ ಮುಂತಾದ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಕೇಸ್ ಪೇಪರ್ ಮಾಡಿಸುವಾಗ ನೋವಿನ ಒ.ಪಿ.ಡಿ. (ಹೊರರೋಗಿ ವಿಭಾಗ) ಯಾವ ದಿನ, ಯಾವ ಕೋಣೆ ಎಂದು ಕಿಟಕಿಯಲ್ಲೇ ಕೇಳಿ. ಕ್ಯಾನ್ಸರ್ ನೋವಿಗೆ ಪರೇಲಿನ ಟಾಟಾ ಮೆಮೋರಿಯಲ್ ಇದೆ. ಬೆಳಗಿನ ಸರದಿ ಉದ್ದವಿರುತ್ತದೆ. ಹಳೆಯ ಕೇಸ್ ಪೇಪರನ್ನು, ಖಾಲಿಯಾದ ಮಾತ್ರೆ ಪಟ್ಟಿಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಯ್ಯಿರಿ; ಮಳೆಗಾಲದಲ್ಲಿ ಶಾಯಿ ಹರಡಿದ ಚೀಟಿಯನ್ನು ಯಾರೂ ಓದಲಾರರು. ಕನ್ನಡ ಸಂಘಗಳು ನಡೆಸುವ ತಪಾಸಣಾ ಶಿಬಿರಗಳು ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳಲು ಒಳ್ಳೆಯವು, ಆದರೆ ವರ್ಷಗಳ ನೋವನ್ನು ಅಲ್ಲಿನ ಐದು ನಿಮಿಷಕ್ಕೆ ಒಪ್ಪಿಸಬೇಡಿ.

ಮಾತ್ರೆಯ ಹೊರಗಿನ ದಿನ

ಮಾತ್ರೆ ತಂದುಕೊಡುವ ಶೇ. 30ರ ಗುಣವನ್ನು ಉಳಿಸಿಕೊಳ್ಳುವುದು ದಿನಚರಿಯ ಕೆಲಸ. ನೋವು ಕಡಿಮೆಯಾದ ದಿನ ಬಾಕಿಯಿದ್ದ ಬಟ್ಟೆ, ಪಾತ್ರೆ, ಅಟ್ಟದ ಸಾಮಾನು ಎಲ್ಲವನ್ನೂ ಮುಗಿಸಿ ಮುಂದಿನ ಮೂರು ದಿನ ಹಾಸಿಗೆ ಹಿಡಿಯುವುದು ನಮ್ಮೆಲ್ಲರ ರೂಢಿ. ಅದಕ್ಕೆ ಬದಲು, ಕೆಟ್ಟ ದಿನವೂ ಮಾಡಬಲ್ಲಷ್ಟನ್ನೇ ಅಳತೆಯಾಗಿಟ್ಟು ಒಳ್ಳೆಯ ದಿನವೂ ಅಲ್ಲಿಗೇ ನಿಲ್ಲಿಸಿ, ವಾರಕ್ಕೊಮ್ಮೆ ಸ್ವಲ್ಪ ಹೆಚ್ಚಿಸಬೇಕು. ಫಿಸಿಯೊಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನು ಎಂಟು ವಾರವಾದರೂ ಬಿಡದೆ ಮಾಡಿ. ಮನಸ್ಸು ತೀರಾ ಕುಗ್ಗಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.

ಊರಿಗೆ ಹೋಗುವಾಗ

ನಾರ್ಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರಿಗಾಬಲಿನ್ ಮುಂತಾದವನ್ನು ಒಮ್ಮೆಲೇ ನಿಲ್ಲಿಸಿದರೆ ನಿದ್ದೆಗೇಡು, ವಾಕರಿಕೆ, ಬೆವರು, ಚಡಪಡಿಕೆ ಶುರುವಾಗುತ್ತದೆ, ನೋವೂ ಮರುಕಳಿಸುತ್ತದೆ. ನಮ್ಮವರಲ್ಲಿ ಇದು ಹೆಚ್ಚಾಗಿ ಆಗುವುದು ಊರಿನಲ್ಲಿ: ನಾಗಮಂಡಲಕ್ಕೋ ಮದುವೆಗೋ ನಾಲ್ಕು ದಿನಕ್ಕೆಂದು ಹೋದವರು ಹದಿನೈದು ದಿನ ಉಳಿಯುತ್ತಾರೆ, ಮಾತ್ರೆ ಮುಗಿಯುತ್ತದೆ, ಹತ್ತಿರದ ಅಂಗಡಿಯಲ್ಲಿ ಆ ಬ್ರ್ಯಾಂಡ್ ಇರುವುದಿಲ್ಲ. ಹೊರಡುವ ಮುನ್ನ ಎಣಿಸಿದ ದಿನಗಳಿಗಿಂತ ಹತ್ತು ದಿನ ಹೆಚ್ಚಿನ ಮಾತ್ರೆ, ಮೂಲ ಹೆಸರು ಬರೆದ ಚೀಟಿಯ ಪ್ರತಿ, ಎರಡನ್ನೂ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಡಿ. ಮತ್ಸ್ಯಗಂಧ ರೈಲು ಮಧ್ಯಾಹ್ನ ಕುರ್ಲಾ ಟರ್ಮಿನಸ್ ಬಿಟ್ಟರೆ ರಾತ್ರಿಯ ಮಾತ್ರೆಯ ಹೊತ್ತು ದಾರಿಯಲ್ಲೇ ಬರುತ್ತದೆ; ಕೆಳಗಿನ ಬರ್ತ್ ಕಾದಿರಿಸಿ, ಊಟದ ಪೊಟ್ಟಣ ಬಿಚ್ಚುವಾಗಲೇ ಮಾತ್ರೆಯನ್ನೂ ತೆಗೆದಿಟ್ಟುಕೊಳ್ಳಿ. ಮಾತ್ರೆಯನ್ನು ಬಿಡಬೇಕೆಂದೇ ಇದ್ದರೆ ಆ ಕೆಲಸವನ್ನು ಊರಿನಿಂದ ಮರಳಿದ ಮೇಲೆ, ವೈದ್ಯರು ಬರೆದುಕೊಟ್ಟ ಲೆಕ್ಕದಂತೆ, ವಾರ ವಾರಕ್ಕೆ ತಗ್ಗಿಸುತ್ತ, ನೋಟ್‌ಬುಕ್ ಎದುರಿಗಿಟ್ಟುಕೊಂಡು ಮಾಡಿ.